ಮೆಲುದನಿಯ ಹಾಡನ್ನು ದೂರುವ ಮುನ್ನ

ಒಳ್ಳೆಯ ಸಂಗೀತವನ್ನು ಮನಸಾರೆ ಪ್ರೀತಿಸುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ನೆಲೆಯೂರಿದೆ. ನಗರಗಳ ಎಫ್‌ಎಂ ಬಾನುಲಿಯನ್ನು ಕೆಡಿಸಿದ್ದು ಲಘು ಸಂಗೀತ ಎಂಬುದೇ ಆ ನಂಬಿಕೆ. ಕಿವಿಗೆ ಹಿತವಾದ, ಯಾರನ್ನೂ ಕೆಣಕದ, ಎಲ್ಲರಿಗೂ ಮೊದಲೇ ಗೊತ್ತಿರುವ ಹಾಡುಗಳು ಬಂದು ಕೂತದ್ದರಿಂದ ಗಂಭೀರ ಸಂಗೀತ, ವಿಚಾರ, ಚರ್ಚೆ ಎಲ್ಲವೂ ಎದ್ದು ಹೋಗಬೇಕಾಯಿತು ಎಂದು ಅವರು ಹೇಳುತ್ತಾರೆ. ಹೀಗೆ ಹೇಳುವವರ ಬಗ್ಗೆ ನನಗೆ ಗೌರವವಿದೆ. ಅವರ ದುಃಖ ಸಾಚಾ ಆದದ್ದು. ಆದರೆ ಆರೋಪಿಯನ್ನು ಗುರುತಿಸುವಲ್ಲಿ ಅವರು ಎಡವಿದ್ದಾರೆ ಎಂಬುದು ನನ್ನ ತಿಳಿವಳಿಕೆ. ಈ ಭಿನ್ನಾಭಿಪ್ರಾಯವನ್ನು ವಿವರಿಸಲು ನಾನು ನ್ಯೂಯಾರ್ಕ್ ನಗರದ ಒಂದೇ ಒಂದು ತರಂಗಾಂತರದ ಕಥೆಯನ್ನು ಆರಿಸಿಕೊಂಡಿದ್ದೇನೆ. ಅದು 106.7. ಕಳೆದ ನಾಲ್ಕು ದಶಕಗಳಿಂದ ಆ ನಗರ ಅದನ್ನು 'ಲೈಟ್ ಎಫ್‌ಎಂ' ಎಂಬ ಹೆಸರಿನಲ್ಲಿ ಬಲ್ಲದು. ಅಮೆರಿಕದವರು 'ಅಡಲ್ಟ್ ಕಾಂಟೆಂಪೊರರಿ' ಎಂದು ಕರೆಯುವ ಮೆಲುದನಿಯ ಜನಪ್ರಿಯ ಹಾಡುಗಳ ದೊಡ್ಡ ಕೇಂದ್ರ ಅದು.

ಈ ತರಂಗಾಂತರ ಹುಟ್ಟಿದ್ದು ವ್ಯಾಪಾರಕ್ಕಾಗಿ ಅಲ್ಲ. ಮ್ಯಾನ್‌ಹಟನ್ನಿನ ರಿವರ್‌ಸೈಡ್ ಚರ್ಚ್ 1961ರಲ್ಲಿ ಡಬ್ಲ್ಯೂಆರ್‌ವಿಆರ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿತು. ಕಿರಿಯ ಜಾನ್ ಡಿ. ರಾಕ್‌ಫೆಲರ್ ಅವರ ಹಣದಿಂದ ಎದ್ದ, ಎತ್ತರದ ಗೋಪುರದ ಚರ್ಚ್ ಅದು. 1967ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರು ವಿಯೆಟ್ನಾಂ ಯುದ್ಧವನ್ನು ಖಂಡಿಸಿ ತಮ್ಮ ಪ್ರಸಿದ್ಧ ಭಾಷಣ ಮಾಡಿದ್ದು ಅಲ್ಲಿಯೇ. ಚರ್ಚಿನ ಬಾನುಲಿಯಲ್ಲಿ ಪ್ರವಚನದ ಜೊತೆಗೆ ಉಪನ್ಯಾಸಗಳಿದ್ದವು, ಶಾಸ್ತ್ರೀಯ ಸಂಗೀತವಿತ್ತು, ಜಾಝ್ ಇತ್ತು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಕರಿಯರು ನಡೆಸಿದ ನಾಗರಿಕ ಹಕ್ಕುಗಳ ಹೋರಾಟದ ದನಿಗಳನ್ನು ಧ್ವನಿಮುದ್ರಿಸಿ ಸರಣಿಯಾಗಿ ಬಿತ್ತರಿಸಿದ್ದು ಈ ಕೇಂದ್ರ. ಎಡ್ ಬೀಚ್ ಎಂಬ ನಿರೂಪಕರು ಒಬ್ಬೊಬ್ಬ ಜಾಝ್ ಕಲಾವಿದನನ್ನೇ ಹಿಡಿದು, ಅವನ ಧ್ವನಿಮುದ್ರಿಕೆಗಳನ್ನು ಹೆಕ್ಕಿ ಹೆಕ್ಕಿ ಕೇಳಿಸುತ್ತಿದ್ದರು. ಅವರ ಕಾರ್ಯಕ್ರಮಗಳ ಟೇಪುಗಳು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ.

ಇಂಥ ಕೇಂದ್ರ ಹೇಗೆ ಕಳೆದುಹೋಯಿತು? ಮೊದಲಿಗೆ ಚರ್ಚಿಗೆ ಖರ್ಚು ಭಾರವಾಯಿತು. 70ರ ದಶಕದಲ್ಲಿ ಕೇಂದ್ರ ಜಾಹೀರಾತಿನ ಹಾದಿ ಹಿಡಿದು, ಕ್ರಮೇಣ ಪೂರ್ತಿ ಜಾಝ್ ಕೇಂದ್ರವಾಯಿತು. 1976ರಲ್ಲಿ ಚರ್ಚ್ ಅದನ್ನು ಸಾಂಡರ್ಲಿಂಗ್ ಎಂಬ ಪ್ರಸಾರ ಕಂಪನಿಗೆ ಮಾರಿತು. ಆ ಕಂಪನಿಯನ್ನೇ ವಯಾಕಾಮ್ ಕೊಂಡುಕೊಂಡಿತು. 1980ರ ಸೆಪ್ಟೆಂಬರಿನಲ್ಲಿ ಒಂದು ದಿನ, ಕೇಳುಗರಿಗೆ ಮುನ್ಸೂಚನೆಯೇ ಇಲ್ಲದೆ, ಜಾಝ್ ನಿಂತಿತು. ಅದರ ಜಾಗದಲ್ಲಿ ಕೇಳಿಬಂದದ್ದು ಕಂಟ್ರಿ ಸಂಗೀತ, ಅಂದರೆ ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಾಡಿನಲ್ಲಿ ಬೇರು ಬಿಟ್ಟ ಹಾಡುಗಳು. ಮೆಲುದನಿಯ 'ಲೈಟ್ ಎಫ್‌ಎಂ' ಬಂದದ್ದು ಅದಾದ ಮೂರು ವರ್ಷಗಳ ಮೇಲೆ, 1984ರ ಜನವರಿಯಲ್ಲಿ.

ಈ ಕಾಲಾನುಕ್ರಮವನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಜಾಝನ್ನು ಹೊರಗೆ ಹಾಕಿದ್ದು ಲಘು ಸಂಗೀತ ಎಂಬ ಆರೋಪಕ್ಕೆ ದಿನಾಂಕಗಳೇ ಒಪ್ಪುವುದಿಲ್ಲ. ಜಾಝ್ ಹೋದದ್ದು ಕೇಂದ್ರದ ಒಡೆತನ ಕೈಯಿಂದ ಕೈಗೆ ದಾಟಿದ ಮೇಲೆ. ಚರ್ಚ್ ಮಾರಿತು, ಕೊಂಡವರನ್ನು ಇನ್ನೊಬ್ಬರು ಕೊಂಡರು, ಹೊಸ ಒಡೆಯರು ಲೆಕ್ಕ ಹಾಕಿದರು. ಆ ಲೆಕ್ಕ ಮೊದಲು ಕಂಟ್ರಿ ಹಾಡನ್ನು ತಂದಿತು. ಅದು ಗಿಟ್ಟದಾಗ ಅದನ್ನೂ ಅಷ್ಟೇ ನಿರ್ದಾಕ್ಷಿಣ್ಯವಾಗಿ ಕಳಿಸಿತು. ಕಂಟ್ರಿ ಸಂಗೀತವನ್ನು ನಚ್ಚಿಕೊಂಡಿದ್ದ ನ್ಯೂಯಾರ್ಕಿಗರಿಗೂ ಅಂದು ನೋವಾಗಿರಲೇಬೇಕು. ಅವರ ಪರವಾಗಿ ಯಾರೂ ಕಣ್ಣೀರು ಹಾಕಲಿಲ್ಲ.

ಇನ್ನು ಲಘು ಸಂಗೀತದ ಮೇಲಿನ ತಾತ್ಸಾರದ ಬಗ್ಗೆ. ಬಿಲ್‌ಬೋರ್ಡ್ ಪತ್ರಿಕೆ 1961ರಲ್ಲಿ 'ಈಸಿ ಲಿಸನಿಂಗ್' ಎಂಬ ಹೊಸ ಪಟ್ಟಿ ಶುರುಮಾಡಿತು. ರಾಕ್ ಸಂಗೀತದ ಅಬ್ಬರ ಬೇಡವೆನ್ನುವ ವಯಸ್ಕರು ಏನು ಕೇಳುತ್ತಾರೆ ಎಂಬುದರ ಪಟ್ಟಿ ಅದು. 1979ರಲ್ಲಿ ಅದಕ್ಕೆ 'ಅಡಲ್ಟ್ ಕಾಂಟೆಂಪೊರರಿ' ಎಂಬ ಹೆಸರು ಬಂತು. ಇದರ ಕೇಳುಗರು ಬಹುಪಾಲು ದುಡಿಯುವ ಜನ, ಅದರಲ್ಲೂ ಹೆಂಗಸರು. ಕಚೇರಿಯ ಮೇಜು, ಅಂಗಡಿಯ ಗಲ್ಲಾಪೆಟ್ಟಿಗೆ, ದಂತವೈದ್ಯರ ಕೋಣೆ, ಟ್ಯಾಕ್ಸಿ – ಇಲ್ಲೆಲ್ಲ ಇಡೀ ದಿನ ಸಣ್ಣದಾಗಿ ಹಾಡುತ್ತಿರುವ ಕೇಂದ್ರ ಅದು. ಕೆಲಸಕ್ಕೆ ಅಡ್ಡಿಯಾಗಬಾರದು, ಪಕ್ಕದಲ್ಲಿ ಕೂತವರಿಗೆ ಕಿರಿಕಿರಿಯಾಗಬಾರದು, ಆದರೆ ದಿನದ ಏಕತಾನತೆ ಕರಗಬೇಕು. ಇಷ್ಟನ್ನು ಸಾಧಿಸುವುದು ಸುಲಭವಲ್ಲ.

ನಮ್ಮ ಬೀಸುವ ಪದ, ಕುಟ್ಟುವ ಪದಗಳನ್ನು ಯಾರೂ ಕಣ್ಣುಮುಚ್ಚಿ ಕೂತು ತಲೆದೂಗಲೆಂದು ಕಟ್ಟಲಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಮನಸ್ಸಿಗೆ ಜೊತೆಯಾಗಲೆಂದು ಅವು ಹುಟ್ಟಿದವು. ಬೀಸುವ ಹೆಣ್ಣು ತಾನೇ ಹಾಡುತ್ತಿದ್ದಳು, ಕಚೇರಿಯ ಹೆಣ್ಣು ಬೇರೆಯವರು ಹಾಡಿದ್ದನ್ನು ಕೇಳುತ್ತಾಳೆ ಎಂಬ ವ್ಯತ್ಯಾಸ ದೊಡ್ಡದೇ. ಆದರೂ ದುಡಿಮೆಗೆ ಜೊತೆಯಾದ ಹಾಡನ್ನು ಜನಪದ ಎಂದಾಗ ತಲೆಯ ಮೇಲೆ ಹೊತ್ತು, ಬಾನುಲಿಯಲ್ಲಿ ಬಂದಾಗ ಕೀಳೆಂದು ತಳ್ಳುವುದು ನ್ಯಾಯವಲ್ಲ. ಎಂಟು ಗಂಟೆ ನಿಂತು ಕೆಲಸ ಮಾಡುವ ದಾದಿಯೊಬ್ಬಳಿಗೆ ಗೊತ್ತಿರುವ ಹಾಡೊಂದು ನೆಮ್ಮದಿ ಕೊಟ್ಟರೆ, ಅವಳ ಅಭಿರುಚಿಯನ್ನು ತಿದ್ದುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಅಭಿರುಚಿಯನ್ನು ಮೇಲಿನಿಂದ ತಿದ್ದುವ ಪ್ರಯೋಗ ನಮ್ಮಲ್ಲಿ ನಡೆದೇ ಇದೆ. 50ರ ದಶಕದಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ನಿಜವಾದ ಆರಾಧಕರು. ಸಿನಿಮಾ ಹಾಡು ಜನರ ಕಿವಿ ಕೆಡಿಸುತ್ತದೆಂದು ನಂಬಿ, ಆಕಾಶವಾಣಿಯಲ್ಲಿ ಅದಕ್ಕೆ ಜಾಗವಿಲ್ಲದಂತೆ ಮಾಡಿದರು. ಕೇಳುಗರು ಶಾಸ್ತ್ರೀಯ ಸಂಗೀತದ ಕಡೆಗೆ ಹೊರಳಲಿಲ್ಲ. ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರಿನಲ್ಲಿ ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಅದೇ ವಿವಿಧ ಭಾರತಿಯನ್ನು ನಾವಿಂದು ಸುವರ್ಣಯುಗವೆಂದು ನೆನೆಯುತ್ತೇವೆ. ಅದು ಹಾಡಿದ್ದು ಲಘು ಸಂಗೀತವನ್ನೇ.

ಈಗ ನ್ಯೂಯಾರ್ಕಿಗೆ ಮರಳೋಣ. ಜಾಝ್ ಕಳೆದುಕೊಂಡವರು ಕೈಕಟ್ಟಿ ಕೂರಲಿಲ್ಲ. 'ಸಿಟಿಜನ್ಸ್ ಫಾರ್ ಜಾಝ್ ಆನ್ ಡಬ್ಲ್ಯೂಆರ್‌ವಿಆರ್' ಎಂಬ ಸಂಘ ಕಟ್ಟಿಕೊಂಡು, ಪರವಾನಗಿ ನೀಡುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿಯ ಮುಂದೆ ಹೋದರು. ಅಲ್ಲಿಂದ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದ ಮೆಟ್ಟಿಲೇರಿದರು. 1985ರಲ್ಲಿ ಅಲ್ಲಿ ತೀರ್ಪು ಬರೆದವರು ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಆಂಟೊನಿನ್ ಸ್ಕಲಿಯಾ. ಮುಂದಿಟ್ಟ ಸಾಕ್ಷ್ಯಗಳನ್ನೆಲ್ಲ ಒಟ್ಟಾಗಿ ನೋಡಿದಾಗ ಸಾಕಷ್ಟು ಅನುಮಾನ ಹುಟ್ಟುವಂತಿದ್ದರೆ ವಿಚಾರಣೆ ನಡೆಸಬೇಕು ಎಂಬ ತತ್ವಕ್ಕಾಗಿ ಆ ತೀರ್ಪನ್ನು ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ ಆ ಹೊತ್ತಿಗೆ 106.7ರಲ್ಲಿ ಜಾಝೂ ಇರಲಿಲ್ಲ, ಅದನ್ನು ಹೊರಹಾಕಿದ ಕಂಟ್ರಿಯೂ ಇರಲಿಲ್ಲ.

ಅಷ್ಟರೊಳಗೆ ಮೂಲ ಪ್ರಶ್ನೆಗೆ ಇನ್ನೊಂದು ಮೊಕದ್ದಮೆಯಲ್ಲಿ ಉತ್ತರ ಸಿಕ್ಕಿತ್ತು. ಅದೇ ನಗರದ ಡಬ್ಲ್ಯೂಎನ್‌ಸಿಎನ್ ಎಂಬ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೇಂದ್ರ 1974ರಲ್ಲಿ ರಾಕ್ ಕಡೆಗೆ ಹೊರಳಿತು. ಕೇಳುಗರು ಸಂಘಟಿತರಾಗಿ ಪ್ರತಿಭಟಿಸಿದ ಮೇಲೆ ಮರುವರ್ಷವೇ ಶಾಸ್ತ್ರೀಯ ಸಂಗೀತಕ್ಕೆ ಮರಳಿತು. ಆ ಕೇಳುಗರ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಊರಿನಲ್ಲಿ ಅಪರೂಪವಾದ ಸಂಗೀತ ಪ್ರಕಾರವನ್ನು ಕೇಂದ್ರವೊಂದು ಕೈಬಿಡುವಾಗ ಸರ್ಕಾರ ಅದನ್ನು ಪರಿಶೀಲಿಸಬೇಕೇ, ಅಥವಾ ಮಾರುಕಟ್ಟೆಗೆ ಬಿಡಬೇಕೇ ಎಂಬುದು ಪ್ರಶ್ನೆ. 1981ರ ಮಾರ್ಚ್‌ನಲ್ಲಿ ನ್ಯಾಯಾಲಯ 7–2 ಬಹುಮತದಿಂದ ಮಾರುಕಟ್ಟೆಗೆ ಬಿಡುವ ಎಫ್‌ಸಿಸಿ ನೀತಿಯನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪು ನ್ಯಾಯಮೂರ್ತಿ ಬೈರನ್ ವೈಟ್ ಅವರದು. ಭಿನ್ನಮತ ಬರೆದ ಥರ್ಗುಡ್ ಮಾರ್ಷಲ್, ಮಾರುಕಟ್ಟೆ ಸೋತ ಕಡೆ ಕೈಹಾಕಲು ಒಂದು ದಾರಿಯನ್ನಾದರೂ ಎಫ್‌ಸಿಸಿ ಇಟ್ಟುಕೊಳ್ಳಬೇಕಿತ್ತು ಎಂದರು.

ಸಂಗೀತಪ್ರೇಮಿಗಳು ಈ ತೀರ್ಪನ್ನು ದೊಡ್ಡ ಅನ್ಯಾಯವೆಂದು ಭಾವಿಸುತ್ತಾರೆ. ಇಲ್ಲಿಯೂ ನಾನು ವಿನಯದಿಂದಲೇ ಬೇರೆ ಮಾತು ಹೇಳಬೇಕಾಗಿದೆ. ಯಾವ ಕೇಂದ್ರ ಯಾವ ಸಂಗೀತ ನುಡಿಸಬೇಕು ಎಂದು ಸರ್ಕಾರ ತೀರ್ಮಾನಿಸುವ ಅಧಿಕಾರ ಪಡೆದರೆ, ಅದು ಎಂದಾದರೂ ಒಬ್ಬ ಕೇಸ್ಕರ್ ಅವರ ಕೈಗೆ ಹೋಗುತ್ತದೆ. ಇವತ್ತು ಅದು ಜಾಝನ್ನು ಕಾಯಬಹುದು. ನಾಳೆ ಅದೇ ಅಧಿಕಾರ ಜಾಝ್ ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎನ್ನಬಹುದು. ಹಾಗೆಂದು 'ಜನ ಕೇಳುವುದನ್ನೇ ಮಾರುಕಟ್ಟೆ ಕೊಡುತ್ತದೆ' ಎಂಬ ಎದುರು ಪಕ್ಷದ ವಾದವನ್ನು ನಾನು ಒಪ್ಪಿಬಿಟ್ಟೆ ಎಂದಲ್ಲ. ಬಾನುಲಿಯ ಮಾರುಕಟ್ಟೆಯಲ್ಲಿ ಗಿರಾಕಿ ಕೇಳುಗನಲ್ಲ, ಜಾಹೀರಾತುದಾರ. ಅವನಿಗೆ ಬೇಕಾದವರು 25ರಿಂದ 54 ವರ್ಷದವರು. ಐವತ್ತೈದು ದಾಟಿದ ಕೇಳುಗ ಎಷ್ಟೇ ನಿಷ್ಠನಾಗಿದ್ದರೂ ಆ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಸಾಲಿಲ್ಲ. ಜಾಝಿನ ಕೇಳುಗರು ಸೋತದ್ದು ಅವರ ಸಂಖ್ಯೆ ಕಡಿಮೆಯಿದ್ದದ್ದರಿಂದ ಮಾತ್ರವಲ್ಲ. ಆ ತರಂಗಾಂತರದ ಮೇಲೆ ಅವರಿಗೆ ಹಕ್ಕೇ ಇರಲಿಲ್ಲ.

ಹಾಗಾದರೆ ಸಂಗೀತವನ್ನು ಉಳಿಸುವುದು ಯಾವುದು? ಉತ್ತರ ನ್ಯೂಯಾರ್ಕಿನ ಆಸುಪಾಸಿನಲ್ಲೇ ಇದೆ. ಹಡ್ಸನ್ ನದಿಯಾಚೆ, ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲಿ ಡಬ್ಲ್ಯೂಬಿಜಿಒ ಎಂಬ ಸಾರ್ವಜನಿಕ ಕೇಂದ್ರ 1979ರಲ್ಲಿ ತಲೆಯೆತ್ತಿತು. ಮೊದಲು ಅದು ಊರಿನ ಶಿಕ್ಷಣ ಮಂಡಳಿಯ ಕೈಯಲ್ಲಿದ್ದ ತರಂಗಾಂತರ, 88.3. ಅದು ಜಾಝನ್ನು ಕೈಗೆತ್ತಿಕೊಂಡಿತು, ಕೇಳುಗರ ದೇಣಿಗೆಯಿಂದ ಬದುಕಿತು, ಇಂದಿಗೂ ಜಾಝನ್ನು ನುಡಿಸುತ್ತಿದೆ. ಈ 88.3 ಎಂಬ ಜಾಗ ಅದಕ್ಕೆ ಸಿಕ್ಕಿದ್ದು ಅದೃಷ್ಟದಿಂದಲ್ಲ. 1945ರಲ್ಲಿ ಎಫ್‌ಸಿಸಿ ಎಫ್‌ಎಂ ಪಟ್ಟಿಯನ್ನು 88ರಿಂದ 108 ಮೆಗಾಹರ್ಟ್ಸ್‌ಗೆ ಸರಿಸಿದಾಗ ಹಳೆಯ ಸೆಟ್ಟುಗಳೆಲ್ಲ ಕೆಲಸಕ್ಕೆ ಬಾರದಂತಾದವು. ಎಫ್‌ಎಂ ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರಿಗೆ ಅದು ತೀರದ ನೋವು ತಂದಿತು. ಆದರೆ ಆ ಹೊಸ ಪಟ್ಟಿಯಲ್ಲಿ 88ರಿಂದ 92ರವರೆಗಿನ ಇಪ್ಪತ್ತು ಜಾಗಗಳನ್ನು ಶಿಕ್ಷಣಕ್ಕೆ, ಲಾಭಕ್ಕಲ್ಲದ ಪ್ರಸಾರಕ್ಕೆ ಮೀಸಲಿಡಲಾಯಿತು. ಅಂದು ಕಾಯ್ದಿಟ್ಟ ಜಾಗವೇ ಮುಂದೆ ಜಾಝಿಗೆ ಆಸರೆಯಾಯಿತು.

ಇನ್ನೊಂದು ಸಾಕ್ಷಿ ಶಾಸ್ತ್ರೀಯ ಸಂಗೀತದ್ದು. ಹೋರಾಡಿ ಗೆದ್ದ ಡಬ್ಲ್ಯೂಎನ್‌ಸಿಎನ್ 1993ರ ಕೊನೆಯಲ್ಲಿ ಮತ್ತೆ ರಾಕ್ ಕೇಂದ್ರವಾಯಿತು, ಈ ಸಲ ಶಾಶ್ವತವಾಗಿ. ಉಳಿದದ್ದು ನ್ಯೂಯಾರ್ಕ್ ಟೈಮ್ಸ್ ಒಡೆತನದ ಡಬ್ಲ್ಯೂಕ್ಯೂಎಕ್ಸ್‌ಆರ್. ಆ ಪತ್ರಿಕೆಯೂ 2009ರಲ್ಲಿ ಅದನ್ನು ಬಿಟ್ಟುಕೊಟ್ಟಿತು. ಅದರ ಹಳೆಯ ತರಂಗಾಂತರ 96.3 ಯೂನಿವಿಷನ್ ಕಂಪನಿಯ ಪಾಲಾಯಿತು. ಕೇಂದ್ರವನ್ನೇ ಡಬ್ಲ್ಯೂಎನ್‌ವೈಸಿ ಎಂಬ ಸಾರ್ವಜನಿಕ ಬಾನುಲಿ ಸಂಸ್ಥೆ ಕೊಂಡು 105.9ಕ್ಕೆ ಸಾಗಿಸಿ, ಕೇಳುಗರ ಹಣದಿಂದ ನಡೆಸತೊಡಗಿತು. ವ್ಯಾಪಾರಿ ಪರವಾನಗಿಯ ಮೇಲೆ ನ್ಯಾಯಾಲಯದ ಮೂಲಕ ಗೆಲ್ಲಲಾಗದ ಸಂಗೀತ, ಕೇಳುಗರಿಗೇ ಸೇರಿದ ಪರವಾನಗಿಯ ಮೇಲೆ ಬದುಕಿತು. ಅಲ್ಲಿ ಎಲ್ಲ ಸಲವೂ ತೀರ್ಮಾನ ಮಾಡಿದ್ದು ಒಡೆತನ.

ಈ ಮಾತಿಗೆ ಇನ್ನೊಂದು ಮುಖವಿದೆ. ಲಘು ಸಂಗೀತದ ಕೇಂದ್ರ ಕೂಡ ಗೆಲುವಿನ ನಡುವೆಯೇ ಬಡವಾಯಿತು. ಲೈಟ್ ಎಫ್‌ಎಂ ನ್ಯೂಯಾರ್ಕಿನ ಅತಿ ಹೆಚ್ಚು ಕೇಳುಗರಿರುವ ಕೇಂದ್ರಗಳ ಸಾಲಿಗೆ ಬಂದು ದಶಕಗಳೇ ಆಗಿವೆ. 1996ರಲ್ಲಿ ಅಮೆರಿಕದ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆ ತಂದು, ಒಂದು ಕಂಪನಿ ದೇಶದಾದ್ಯಂತ ಎಷ್ಟು ಬಾನುಲಿ ಕೇಂದ್ರಗಳನ್ನು ಬೇಕಾದರೂ ಹೊಂದಬಹುದು, ದೊಡ್ಡ ನಗರವೊಂದರಲ್ಲಿ ಎಂಟರವರೆಗೂ ಇಟ್ಟುಕೊಳ್ಳಬಹುದು ಎಂದಿತು. ಮರುವರ್ಷವೇ ವಯಾಕಾಮ್ ತನ್ನ ಬಾನುಲಿ ಕೇಂದ್ರಗಳನ್ನು ನೂರು ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಿತು. ಕೈ ಬದಲಾಗುತ್ತ ಬದಲಾಗುತ್ತ 106.7 ಎಂಬುದು 2000ದಲ್ಲಿ ಕ್ಲಿಯರ್ ಚಾನೆಲ್ ಕಂಪನಿ ಸೇರಿತು. ಸಾವಿರಕ್ಕೂ ಹೆಚ್ಚು ಕೇಂದ್ರಗಳ ಒಡೆಯ ಅದು. 2008ರಲ್ಲಿ ಹೂಡಿಕೆದಾರ ಸಂಸ್ಥೆಗಳು ಸಾಲ ಎತ್ತಿ ಆ ಕಂಪನಿಯನ್ನೇ ಕೊಂಡವು, ಸಾಲದ ಹೊರೆ ಕಂಪನಿಯ ಮೇಲೆ ಬಿತ್ತು. 2014ರಲ್ಲಿ ಐಹಾರ್ಟ್‌ಮೀಡಿಯಾ ಎಂದು ಹೆಸರು ಬದಲಿಸಿಕೊಂಡ ಅದು 2018ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಸಾಲ 2,000 ಕೋಟಿ ಡಾಲರ್ ಮೀರಿತ್ತು. 2020ರ ಜನವರಿಯಲ್ಲಿ ದೇಶದ ನಾನಾ ಊರುಗಳ ನಿರೂಪಕರು, ತಂತ್ರಜ್ಞರು ನೂರಾರು ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ಜಾಝ್ ಮೆಚ್ಚುವವರ ಮನೆಯನ್ನು ಹೊಕ್ಕ ಲೆಕ್ಕವೇ ಮೆಲುದನಿಯ ಹಾಡಿನ ಮನೆಯನ್ನೂ ಹೊಕ್ಕಿತು. ಇವರಿಬ್ಬರೂ ಒಬ್ಬರನ್ನೊಬ್ಬರು ದೂರುವ ಬದಲು ಒಟ್ಟಿಗೆ ಕೂತು ಮಾತಾಡಬೇಕಿತ್ತು.

ಕೇಂದ್ರ ಊರಿಗೆ ಉತ್ತರ ಹೇಳಬೇಕಾಗಿಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ನಾರ್ತ್ ಡಕೋಟಾದ ಮೈನಟ್ ಎಂಬ ಊರಿನ ಘಟನೆ ಇದೆ. 2002ರ ಜನವರಿ 18ರ ನಡುರಾತ್ರಿಯ ಬಳಿಕ ಅಲ್ಲಿ ಅಮೋನಿಯಾ ಹೊತ್ತ ರೈಲು ಹಳಿ ತಪ್ಪಿ ವಿಷಾನಿಲ ಹರಡಿತು. ಊರಿನ ಆರು ವಾಣಿಜ್ಯ ಬಾನುಲಿ ಕೇಂದ್ರಗಳೂ ಕ್ಲಿಯರ್ ಚಾನೆಲ್‌ಗೆ ಸೇರಿದ್ದವು. ಜನರಿಗೆ ಎಚ್ಚರಿಕೆ ಕೊಡಲು ಕೇಂದ್ರವನ್ನು ಸಂಪರ್ಕಿಸಲಾಗಲಿಲ್ಲ ಎಂದು ಪೊಲೀಸರು ಹೇಳಿದರು. ತುರ್ತು ಪ್ರಸಾರ ವ್ಯವಸ್ಥೆಯನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ ಎಂದು ಕಂಪನಿ ಹೇಳಿತು. ತಪ್ಪು ಯಾರದೇ ಇರಲಿ, ಆರು ಕೇಂದ್ರಗಳಿದ್ದೂ ಊರಿಗೆ ತಕ್ಷಣ ಸುದ್ದಿ ಮುಟ್ಟಲಿಲ್ಲ. ಅಂದು ಆ ಕೇಂದ್ರಗಳು ಜಾಝ್ ಹಾಡುತ್ತಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ. ಇಷ್ಟಾದ ಮೇಲೂ 2017ರಲ್ಲಿ ಎಫ್‌ಸಿಸಿ, ಕೇಂದ್ರದ ಮುಖ್ಯ ಸ್ಟುಡಿಯೊ ತಾನು ಸೇವೆ ಸಲ್ಲಿಸುವ ಊರಿನಲ್ಲಿ ಅಥವಾ ಅದರ ಹತ್ತಿರ ಇರಬೇಕೆಂಬ ದಶಕಗಳ ನಿಯಮವನ್ನು ಕೈಬಿಟ್ಟಿತು. ಸಂಗೀತಪ್ರೇಮಿಗಳ ನಿಜವಾದ ಕೋಪ ಈ ತೀರ್ಮಾನದ ಮೇಲೆ ಹರಿಯಬೇಕಿತ್ತು.

ಈ ಕಥೆಯಲ್ಲಿ ಕನ್ನಡಿಗರು ಗಮನಿಸಬೇಕಾದದ್ದು ಬಹಳವಿದೆ. ನ್ಯೂಯಾರ್ಕಿನ ಚರ್ಚ್ ಬಾನುಲಿ ಆರಂಭಿಸುವುದಕ್ಕೆ ಕಾಲು ಶತಮಾನ ಮೊದಲೇ, 1935ರ ಸೆಪ್ಟೆಂಬರಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಖಾಸಗಿ ಪ್ರಯತ್ನ ಅದು, ಆದರೆ ಲಾಭಕ್ಕಾಗಿ ಅಲ್ಲ. ಮುಂದೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. 'ಖಾಸಗಿ' ಎಂದರೆ ವ್ಯಾಪಾರ, 'ಸಾರ್ವಜನಿಕ' ಎಂದರೆ ಸರ್ಕಾರ ಎಂಬ ಎರಡೇ ಖಾನೆಗಳಲ್ಲಿ ನಾವು ಯೋಚಿಸುತ್ತೇವೆ. ಗೋಪಾಲಸ್ವಾಮಿಯವರು ಮೂರನೆಯ ದಾರಿಯೊಂದನ್ನು ಅಂದೇ ತೋರಿಸಿದ್ದರು.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸ್ಪಷ್ಟವಾಗಿ ಹೇಳಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲೇ ದನಿಯೆತ್ತಿತು. ಅಂದಿನಿಂದ ನಮ್ಮ ಜಗಳವೆಲ್ಲ ಹಾಡಿನ ಸುತ್ತಲೇ ಸುತ್ತಿದೆ: ಹಿಂದಿ ಎಷ್ಟು, ಕನ್ನಡ ಎಷ್ಟು, ಹಳೆಯದೆಷ್ಟು, ಹೊಸದೆಷ್ಟು. ಕನ್ನಡದ ಹಾಡು ಬೇಕೆಂಬ ಹಟ ನ್ಯಾಯವಾದದ್ದು. ಊರಿನ ಸ್ವತ್ತಿನ ಮೇಲೆ ಊರಿನ ಭಾಷೆಯ ಹಕ್ಕು ಅದು. ಆದರೆ ಹಾಡು ಕನ್ನಡದ್ದಾದ ಕೂಡಲೇ ಕೇಂದ್ರ ನಮ್ಮದಾಗಿಬಿಡುವುದಿಲ್ಲ. ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ತರಂಗಾಂತರ ಕೊಟ್ಟ ಮೇಲೆ, ಕೊಟ್ಟ ಹಣ ಹಿಂದಿರುಗಿ ಬರುವಂತೆ ಅವರು ಎಲ್ಲರಿಗೂ ಒಪ್ಪುವ ಅದೇ ಹಾಡುಗಳನ್ನು ಹಾಕದೆ ಇನ್ನೇನು ಮಾಡಿಯಾರು? ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಬಹುದು, ಅಷ್ಟೇ. ಸುದ್ದಿಯ ಬಾಯಿ ಕಟ್ಟಿಸಿ, ಹಾಡಿಗೆ ದುಬಾರಿ ಬೆಲೆ ಕಟ್ಟಿಸಿ, ಆಮೇಲೆ 'ಎಫ್‌ಎಂನಲ್ಲಿ ಬರೀ ಹಾಡು' ಎಂದು ದೂರುವುದರಲ್ಲಿ ಅರ್ಥವಿಲ್ಲ.

ಲಾಭಕ್ಕಲ್ಲದ ಬಾನುಲಿಯ ದಾರಿಯೂ ನಮ್ಮಲ್ಲಿ ಸುಗಮವಾಗಿರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಆರಂಭವಾದಾಗ, ಊರಿನ ಜನರಿಗೆ ವಾಯುತರಂಗ ಬಳಸಲು ಅನುಮತಿಯೇ ಇರಲಿಲ್ಲ. ಅವರು ಕೇಬಲ್ ತಂತಿಯ ಮೂಲಕ ತಮ್ಮ ದನಿಯನ್ನು ಮನೆಮನೆಗೆ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಅದೂ 100 ವ್ಯಾಟ್ ಶಕ್ತಿಯ ಮಿತಿಯೊಳಗೆ, ಕೆಲವೇ ಕಿಲೋಮೀಟರುಗಳಿಗೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮೆಲುದನಿಯ ಹಾಡು ಕೇಳಿ ನೆಮ್ಮದಿ ಪಡುವವರನ್ನು ಹೀಗಳೆಯುವುದನ್ನು ನಿಲ್ಲಿಸೋಣ. ಬದಲಿಗೆ ಪರವಾನಗಿಯ ಬಗ್ಗೆ ಪ್ರಶ್ನೆ ಕೇಳೋಣ. ಪ್ರತಿ ದೊಡ್ಡ ನಗರದಲ್ಲಿ, ಬೆಂಗಳೂರಿನಿಂದ ಕಲಬುರಗಿಯವರೆಗೆ, ಲಾಭಕ್ಕಲ್ಲದ ಪ್ರಸಾರಕ್ಕೆ ಇಡೀ ಊರಿಗೆ ಕೇಳಿಸುವಷ್ಟು ಶಕ್ತಿಯ ತರಂಗಾಂತರಗಳನ್ನು ಕಾನೂನಿನಲ್ಲೇ ಮೀಸಲಿಡಬೇಕು. ಪರವಾನಗಿ ನವೀಕರಣದ ಸಮಯದಲ್ಲಿ ಕೇಳುಗರ ಅಹವಾಲು ಕೇಳುವ ಬಹಿರಂಗ ಸಭೆ ನಡೆಯಬೇಕು. ಸ್ಥಳೀಯ ಸುದ್ದಿಗೆ ಅನುಮತಿ ಸಿಗಬೇಕು. ನೆರೆ, ಬೆಂಕಿ, ಅಪಘಾತದ ಹೊತ್ತಿಗೆ ಆ ಊರಿನಲ್ಲೇ ಕೂತ ಒಬ್ಬ ಮನುಷ್ಯ ಮೈಕಿನ ಮುಂದೆ ಇರಲೇಬೇಕೆಂಬ ಷರತ್ತು ಇರಬೇಕು. ಇಷ್ಟಾದರೆ ಶಾಸ್ತ್ರೀಯ ಸಂಗೀತಕ್ಕೂ ಜಾಗವಾಗುತ್ತದೆ, ತತ್ವಪದಕ್ಕೂ ಆಗುತ್ತದೆ, ಸಿನಿಮಾ ಹಾಡಿಗೂ ಆಗುತ್ತದೆ. ಮುಂದಿನ ಬಾರಿ ಎಫ್‌ಎಂ ಬಗ್ಗೆ ಬೇಸರವಾದಾಗ, ಅದು ಹಾಡುತ್ತಿರುವ ಹಾಡನ್ನು ದೂರುವ ಮುನ್ನ, ಆ ತರಂಗಾಂತರ ಯಾರ ಹೆಸರಿನಲ್ಲಿದೆ, ಯಾವ ಷರತ್ತಿನ ಮೇಲೆ ಇದೆ ಎಂದು ದಯವಿಟ್ಟು ವಿಚಾರಿಸಿ.